ಗುಹೆಯವಳಿಗೆ ಅಮ್ಮನ ಮುಖ

ನೀಲಿ ತಾಡಪಾಲಿನ ಮೂಲೆ ಎತ್ತಿದಾಗ ನನಗೆ ಮೊದಲು ಕಂಡದ್ದು ಮೊಲೆ. ಜೋತುಬಿದ್ದ, ಕಂದು ಬಣ್ಣ ಬಳಿದ, ಸುತ್ತ ಒಂದೊಂದೇ ಕೂದಲು ಚುಚ್ಚಿ ನಿಲ್ಲಿಸಿದ ಮೊಲೆ. ಅದರ ಕೆಳಗೆ ಬತ್ತಿದ ಹೊಟ್ಟೆ, ತೊಡೆ, ತೊಡೆಯ ಮೇಲೆಲ್ಲ ಮತ್ತೆ ಕೂದಲು. ಕೈಯಲ್ಲಿ ಹೊಟ್ಟೆ ಸಿಗಿದ ಹಸಿ ಹೆಗ್ಗಣ. ಹೆಗ್ಗಣವನ್ನು ನಾವೂ ತಿನ್ನುತ್ತೇವೆ, ಇಲ್ಲವೆನ್ನುವುದಿಲ್ಲ, ಆದರೆ ಕೆಂಡದ ಮೇಲೆ ಸುಟ್ಟು, ಉಪ್ಪು ಮೆಣಸು ಸವರಿ, ಮನುಷ್ಯರ ಹಾಗೆ. ಇಲ್ಲಿ ಕರುಳು ಬೆರಳುಗಳ ಸಂದಿಯಲ್ಲಿ ಇಳಿಬಿದ್ದಿತ್ತು. ಕೆಂಪು ಬಣ್ಣ ಇನ್ನೂ ಒಣಗಿರಲಿಲ್ಲ, ನನ್ನ ಬೆರಳಿಗೆ ಅಂಟಿತು. ಥೂ ಎಂದು ಲುಂಗಿಗೆ ಒರೆಸಿಕೊಂಡು ತಾಡಪಾಲನ್ನು ಪೂರ್ತಿ ಎತ್ತಿದೆ. ಮುಖ ನಮ್ಮಮ್ಮನದಾಗಿತ್ತು.

ಹೋಲುತ್ತಿತ್ತು ಅಂತಲ್ಲ, ಅಮ್ಮನದೇ. ಎಡ ಹುಬ್ಬಿನ ಮೇಲೆ ಕೋಣ ಹಾಯ್ದ ಗಾಯದ ಗೆರೆ, ಎಲೆ ಅಡಿಕೆ ಅಗಿದು ಅಗಿದು ಬಲಕ್ಕೆ ಸೊಟ್ಟಗಾದ ಬಾಯಿ, ಕೆನ್ನೆಯ ನರುಲಿ. ಆ ನರುಲಿಯಿಂದಲೂ ಎರಡು ಕೂದಲು ಎಳೆದಿದ್ದರು, ಹಾಳಾಗಿ ಹೋದವರು.

ಹೊರಗೆ ಓಡಿ ಕಾಫಿ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಬೆಳಿಗ್ಗೆ ತಿಂದ ಮರಗೆಣಸು ಹಾಗೆಹಾಗೇ ಬಂತು. ಊರಲ್ಲಿ ಕಟ್ಟಿದ ಹೊಸ ಮ್ಯೂಸಿಯಂ ಉದ್ಘಾಟನೆಗೆ ಇನ್ನು ಒಂಬತ್ತೇ ದಿನ. ರಿಬ್ಬನ್ನು ಕತ್ತರಿಸಬೇಕಾದವಳು ಅಮ್ಮ. ಅವಳಿಗೆ ಎಂಬತ್ತೆರಡು ವರ್ಷ, ಊರಿನಲ್ಲಿ ಅವಳ ಎದುರು ಗಂಡಸರೂ ಟೋಪಿ ತೆಗೆದು ಮಾತಾಡುತ್ತಾರೆ. ಇಡೀ ಜಿಲ್ಲೆಯ ಎದುರು, ಬೆತ್ತಲೆ ಗೊಂಬೆಗೆ ತನ್ನ ಮುಖ ಹಾಕಿ ಕುಕ್ಕರಗಾಲಲ್ಲಿ ಕೂರಿಸಿದ್ದನ್ನು ಅವಳು ನೋಡಬೇಕೇ? ಆ ದಿನದೊಳಗೆ ಆ ಮುಖ ಹೋಗಬೇಕು, ಇಲ್ಲವೇ ಅಮ್ಮ ಆ ಕಡೆ ಕಾಲಿಡಬಾರದು ಎಂದು ಬಾಯಿ ಮುಕ್ಕಳಿಸುತ್ತಲೇ ನಿಶ್ಚಯಿಸಿದೆ.

ನಾನು ಬ್ಲಂದಿನಾ, ಗುಹೆಯ ಮಣ್ಣು ತೊಳೆಯುವವಳು. ನಮ್ಮ ಗೋಲೊ ವತು ಊರಿನ ಮಗ್ಗುಲಲ್ಲೇ ದೊಡ್ಡ ಗುಹೆಯಿದೆ. ಗಂಡಸರು ಬಿದಿರಿನ ಚೂಪಿನಿಂದ ನೆಲ ಕೆರೆದು ಮಣ್ಣನ್ನು ಚೀಲಕ್ಕೆ ತುಂಬಿ ಗದ್ದೆಗೆ ತರುತ್ತಾರೆ. ನಾವು ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಜರಡಿ ಆಡಿಸುತ್ತೇವೆ. ಹೆಗ್ಗಣದ ಹಲ್ಲು, ಬಾವಲಿಯ ರೆಕ್ಕೆಯ ಕಡ್ಡಿ, ಕೊಕ್ಕರೆಯ ಕಾಲು, ಮಸಿ, ಬರೀ ಮಸಿ. ಹದಿನೇಳು ವರ್ಷ ತೊಳೆದಿದ್ದೇನೆ. ಯಾವ ಮೂಳೆ ಯಾವ ಪ್ರಾಣಿಯದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಹಾಗಿರುವಾಗ ಒಮ್ಮೆ ನೆಲದಾಳದಲ್ಲಿ ಒಬ್ಬಳ ಮೂಳೆ ಸಿಕ್ಕಿತು. ಹೆಣ್ಣಂತೆ, ಬೆಳೆದ ಹೆಣ್ಣೇ, ಆದರೆ ಎತ್ತರ ಮೂರೂವರೆ ಅಡಿ, ತಲೆ ತೆಂಗಿನಕಾಯಿಯಷ್ಟು. ಮನುಷ್ಯಳಲ್ಲ, ಮನುಷ್ಯರ ದೂರದ ದಾಯಾದಿ, ಆ ಕುಲದಲ್ಲಿ ಈಗ ಒಬ್ಬರೂ ಉಳಿದಿಲ್ಲ ಎಂದು ಜಾವಾದಿಂದ ಬಂದ ಪ್ರೊಫೆಸರ್ ವಿರ್ಯಾನೊ ಹೇಳಿದರು. ಮೂಳೆ ನೆನೆದ ರೊಟ್ಟಿಯ ಹಾಗೆ ಮೆತ್ತಗಿತ್ತು. ಎತ್ತುವ ಮೊದಲು ನೆಲದ ಹಿರಿಯರಿಂದ ಒಂದು ಮಾತು ಹೇಳಿಸಬೇಕೆಂದು ಅಗೆಯುವವರು ಹಟ ಹಿಡಿದರು. ಆ ನೆಲ ನಮ್ಮಪ್ಪನ ಮನೆತನದ್ದು. ಅಪ್ಪ ಇರಲಿಲ್ಲ, ಅಮ್ಮನನ್ನು ಕರೆದರು.

ಅಮ್ಮ ಏಣಿಯಲ್ಲಿ ಗುಂಡಿಗೆ ಇಳಿದಳು. ಆ ಸಣ್ಣ ತಲೆಯ ಪಕ್ಕ ಮಂಡಿಯೂರಿ, ಕಿವಿ ಇರಬೇಕಾಗಿದ್ದ ಜಾಗಕ್ಕೆ ಬಾಯಿಟ್ಟು, “ಎಂಪೊ. ಎಂಪೊ. ಎಂಪೊ” ಎಂದು ಮೂರು ಸಲ ಹೇಳಿದಳು. ಮೇಲೆ ಬಂದವಳು ಹಿಂದಿರುಗಿ ನೋಡದೆ ಮನೆಗೆ ಹೋದಳು. ಆ ದಿನವೆಲ್ಲ ಊಟ ಮಾಡಲಿಲ್ಲ. ಏಣಿ ಹತ್ತಿಳಿದು ಸುಸ್ತಾಗಿರಬೇಕು ಎಂದುಕೊಂಡೆ ನಾನು, ಪೆದ್ದಿ.

“ಏನಂದರು ನಿಮ್ಮ ತಾಯಿ?” ಎಂದು ಪ್ರೊಫೆಸರ್ ನನ್ನ ತಮ್ಮನನ್ನು ಕೇಳಿದರು. ತಮ್ಮ ಹುಬೆರ್‌ತುಸ್‌ಗೆ ಸರ್ಕಾರಿ ಮಾತು ಸಲೀಸು. ಎರಡು ಬೆರಳು ದಪ್ಪದ ಹಿಮ್ಮಡಿಯ ಬೂಟು ಹಾಕಿಕೊಂಡು ಎತ್ತರವಾಗಿರುವ ಆಸಾಮಿ ಅವನು.

“ಅಜ್ಜಿ ಅಂದ್ಳು ಸಾರ್. ಪೂರ್ವಜರು ಅಂತ.”

ಅವನು ಸುಳ್ಳು ಹೇಳಲಿಲ್ಲ. ನಮ್ಮ ಮಾತಿನಲ್ಲಿ ಎಂಪೊ ಅಂದರೆ ಅಜ್ಜಿ, ಅಜ್ಜ, ಅವರ ಹಿಂದಿನವರು. ಮಕ್ಕಳು ತೊದಲುವಾಗ ಕಲಿಯುವ ಮಾತು ಅದು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ, ಓದಿದವರಲ್ಲಿ ಇನ್ನೂ ಹೆಚ್ಚು. ತಿಂಗಳೊಳಗೆ ಪತ್ರಿಕೆಯಲ್ಲಿ ಬಂತು. ಗೋಲೊ ವತುವಿನ ಗಿಡ್ಡ ಜನ ಗುಹೆಯ ಗಿಡ್ಡವಳನ್ನು ತಮ್ಮ ಅಜ್ಜಿ ಎಂದು ಕರೆಯುತ್ತಾರೆ, ಆ ಕುಲ ಇನ್ನೂ ಅಳಿದಿಲ್ಲವೇ? ನಾವು ಗಿಡ್ಡರು, ನಿಜ. ಅಮ್ಮ ನಾಲ್ಕಡಿಗೆ ಎರಡು ಬೆರಳು ಮೇಲೆ, ನಾನು ಅವಳಿಗಿಂತ ಒಂದು ಗೇಣು ಜಾಸ್ತಿ. ನಮ್ಮ ಜೋಳದ ಗಿಡಗಳು ನಮಗಿಂತ ಎತ್ತರ ಬೆಳೆಯುತ್ತವೆ. ಅದಕ್ಕೆ ನಾವು ಯಾವತ್ತೂ ಅತ್ತವರಲ್ಲ.

ಆಮೇಲೆ ಬಂದರು ನೋಡಿ ಅಳೆಯುವವರು. ಕೈಗೆ ರಬ್ಬರಿನ ಚೀಲ ತೊಟ್ಟುಕೊಂಡ ಹೆಂಗಸೊಬ್ಬಳು ಅಮ್ಮನ ತೋಳೆತ್ತಿ ಕಂಕುಳು ನೋಡಿದಳು. ತುಟಿ ಸರಿಸಿ ಹಲ್ಲು ಎಣಿಸಿದಳು, ಸಂತೆಯಲ್ಲಿ ಕುದುರೆಗೆ ಮಾಡುವ ಹಾಗೆ. ಕೈ ಮೊಣಕಾಲಿಗೆ ಮುಟ್ಟುತ್ತದೆಯೇ, ಪಾದ ಚಪ್ಪಟೆಯೇ, ಗದ್ದ ಇದೆಯೇ ಇಲ್ಲವೇ. ಕಡ್ಡಿಯಲ್ಲಿ ಎಂಜಲು ತೆಗೆದು ಸೀಸೆಗೆ ಹಾಕಿಕೊಂಡರು. ನನ್ನ ಬಾಯಿಗೂ ಕಡ್ಡಿ ತಂದಳು. “ನಿಮ್ಮಮ್ಮನ ಬಾಯಿಗೆ ಹಾಕು ಹೋಗು” ಅಂದೆ. ಅವಳಿಗೆ ನಮ್ಮ ಮಾತು ಬರುತ್ತಿರಲಿಲ್ಲ, ನಕ್ಕಳು. ಮೈಯೆಲ್ಲ ಹುಳ ಹರಿದ ಹಾಗಾಯಿತು.

ಅವರ ಹಿಂದೆಯೇ ನೋಡುವವರು. ಕೆಂಪು ಮೂತಿಯ ಒಬ್ಬ ಪ್ರವಾಸಿ ಅಮ್ಮನನ್ನು ಮಗುವಿನಂತೆ ಎತ್ತಿ ಕಂಕುಳಲ್ಲಿ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡ. “ಇಳಿಸೋ ಲೇ, ನಿನ್ನ ಬೆವರಿನ ನಾತಕ್ಕೆ ಜೀವ ಹೋಗ್ತದೆ!” ಎಂದು ಅಮ್ಮ ಬೈದಳು. ಹುಬೆರ್ ಅವನಿಗೆ ಏನು ಹೇಳಿದನೋ, ಆ ಪ್ರಾಣಿ ಕೈ ಮುಗಿಯಿತು.

ಕಳೆದ ವರ್ಷ ಬಂದವರು ಅಮ್ಮನ ಮುಖಕ್ಕೆ ಬಿಳಿ ಗಾರೆ ಮೆತ್ತಿದರು. ಮೂಗಿಗೆ ಎರಡು ನಳಿಗೆ ಸಿಕ್ಕಿಸಿ ಮುಕ್ಕಾಲು ಗಂಟೆ ಮಲಗಿಸಿದರು. ಅಮ್ಮ ಎದೆಯ ಮೇಲೆ ಜಪಮಾಲೆ ಹಿಡಿದು ಹೆಣದಂತೆ ಬಿದ್ದಿದ್ದಳು. ಊರ ಹಿರಿಯರ ಮುಖ ಮ್ಯೂಸಿಯಂನಲ್ಲಿ ಇಡುತ್ತೇವೆ, ಗೌರವಕ್ಕೆ ಅಂದಿದ್ದರು. ಆ ಗೌರವ ಈಗ ತಾಡಪಾಲಿನಡಿ ಕರುಳು ಹಿಡಿದು ಕೂತಿತ್ತು.

ಬಾಯಿ ತೊಳೆದುಕೊಂಡು ನೇರ ಹುಬೆರ್‌ನ ಅಂಗಡಿಗೆ ಹೋದೆ. ಗುಹೆಗೆ ಹೋಗುವ ದಾರಿಯಲ್ಲಿ ಅವನು ಮರದ ಕುಳ್ಳಿಯರನ್ನು ಕೆತ್ತಿಸಿ ಮಾರುತ್ತಾನೆ.

“ಗೊತ್ತಿತ್ತೇನೋ ನಿಂಗೆ?”

“ಏನಕ್ಕಾ?”

“ಏನಕ್ಕಾ ಅಂತೆ! ಅಮ್ಮನ ಮುಖ ತಗೊಂಡ್ಹೋಗಿ ಕೋತಿ ಮೈಗೆ ಹಚ್ಚಿದ್ದಾರಲ್ಲೋ!”

“ಕೋತಿ ಅನ್ಬೇಡ. ಪ್ರೊಫೆಸರ್‌ಗೆ ಬೇಜಾರಾಗತ್ತೆ.”

“ಪ್ರೊಫೆಸರ್‌ಗೆ ಬೇಜಾರು! ಹೆತ್ತವಳ ಮೊಲೆಗೆ ಕೂದಲು ನೆಟ್ಟಿದ್ದಾರೆ, ಅದು ಬೇಜಾರಲ್ಲ?”

“ಮೈ ಅಮ್ಮಂದಲ್ಲ, ಮುಖ ಮಾತ್ರ,” ಅಂದ, ಗೊಂಬೆಯೊಂದರ ಧೂಳು ಒರೆಸುತ್ತ. “ಆ ಮೂಳೆಗೆ ಮುಖ ಹೇಗಿತ್ತು ಅಂತ ಯಾರಿಗ್ಗೊತ್ತು? ಅಮ್ಮಾನೇ ಅಜ್ಜಿ ಅಂದ್ಳಲ್ಲ. ಮೊಮ್ಮಗಳ ಮುಖ ಅಜ್ಜಿಗೆ ಹಾಕಿದ್ರು. ತಪ್ಪೇನು? ನಾಳೆ ದೇಶ ದೇಶದವ್ರು ಅಮ್ಮನ ಮುಖ ನೋಡ್ತಾರೆ.”

“ನಿನ್ನ ಮುಖ ಹಾಕ್ಸು. ಕೂದಲೂ ಜಾಸ್ತಿ ಬೇಕಾಗಲ್ಲ.”

“ಅಕ್ಕಾ, ನಾಲಿಗೆ ಹಿಡ್ಕೋ.”

“ಬೂಟು ಬಿಚ್ಚಿ ನಿಂತ್ಕೊಂಡು ಹೇಳೋ ಅದನ್ನ!”

ಅವನು ಬೂಟು ಬಿಚ್ಚಲಿಲ್ಲ. ನನಗೆ ಅವನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಅವನು ಕೊಟ್ಟ ಕಾಫಿಯ ಲೋಟವನ್ನು ಅವನ ಎದುರೇ ನೆಲಕ್ಕೆ ಬಗ್ಗಿಸಿ ಬಂದೆ.

ಪ್ರೊಫೆಸರ್ ಉದ್ಘಾಟನೆಗೆ ಮೂರು ದಿನ ಮುಂಚೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ, ಯಾವತ್ತೂ ಏರಿದ ದನಿಯಿಲ್ಲ. ಅದೇ ಇನ್ನೂ ಕಷ್ಟ. ಕೂಗಾಡುವವರ ಹತ್ತಿರ ನನಗೆ ಚೆನ್ನಾಗಿ ಬರುತ್ತದೆ.

“ಬ್ಲಂದಿನಾ ಅವರೇ, ಇದು ಅವಮಾನ ಅಂತ ಯಾಕೆ ತಿಳೀತೀರಿ? ಅವಳೂ ನಮ್ಮ ಬಂಧುವೇ. ಒಂದೇ ಮರದ ಇನ್ನೊಂದು ಕೊಂಬೆ.”

“ಹಾಗಾದ್ರೆ ನಿಮ್ಮ ತಾಯಿಯ ಮುಖ ಹಾಕಿ ಸಾರ್. ಅದೇ ಮರ ತಾನೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ತಾಯಿಯವರೇ ಒಪ್ಪಿದ್ದಾರೆ, ಹೆಬ್ಬೆಟ್ಟು ಒತ್ತಿದ್ದಾರೆ. ಅವರೇ ಬೇಡ ಅಂದರೆ ಆ ಕ್ಷಣ ತೆಗೆಸ್ತೀನಿ. ಅವರ ಬಾಯಿಂದ ಬರಲಿ.”

ನೋಡಿ ಹೇಗೆ ಕಟ್ಟಿಹಾಕಿದರು. ಅಮ್ಮ ಬೇಡ ಅನ್ನಬೇಕಾದರೆ ಅಮ್ಮನಿಗೆ ಗೊತ್ತಾಗಬೇಕು. ಗೊತ್ತಾಗಬಾರದು ಅಂತ ತಾನೆ ನಾನು ಒದ್ದಾಡುತ್ತಿದ್ದದ್ದು. ಅಮ್ಮಾ, ನಿನ್ನ ಮುಖವನ್ನು ಬೆತ್ತಲೆ ಕಾಡು ಹೆಂಗಸಿಗೆ ಅಂಟಿಸಿದ್ದಾರೆ ಎಂದು ಯಾವ ಬಾಯಲ್ಲಿ ಹೇಳಲಿ? ಎರಡು ದಿನ ಆ ಮಾತು ಗಂಟಲಿಗೆ ಬಂದು ಬಂದು ವಾಪಸು ಹೋಯಿತು. ಮಳೆ ಬರುತ್ತೆ, ಹೋಗಬೇಡ ಅಂದೆ. ಮಂಡಿ ನೋವು ಹೆಚ್ಚಾದೀತು ಅಂದೆ. ಅವಳ ಹೊಸ ಕರಿ ನೇಯ್ಗೆಯ ಲುಂಗಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಅರ್ಧ ಗಂಟೆಯಲ್ಲಿ ಹುಡುಕಿ ತೆಗೆದಳು.

ಹಿಂದಿನ ದಿನ ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಹುಂಜವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅತಿಥಿಗಳಿಗೆಂದು ಅದನ್ನು ಕೊಯ್ಯಬೇಕಾಗಿತ್ತು. ಕತ್ತಿ ಹಿಡಿಯುವ ಮೊದಲು ಅದರ ಕಿವಿಯ ಹತ್ತಿರ ಬಗ್ಗಿ “ಎಂಪೊ, ಎಂಪೊ, ಎಂಪೊ” ಅಂದಳು. ಚಿಕ್ಕಂದಿನಿಂದ ನೋಡಿದ್ದೇನೆ. ಹಂದಿ ಇರಲಿ, ಕೋಣ ಇರಲಿ, ಬಚ್ಚಲಲ್ಲಿ ಸಿಕ್ಕ ಹಾವೇ ಇರಲಿ, ಹಳಬರು ಹೀಗೆ ಗೊಣಗುತ್ತಿದ್ದರು. ಈಗಿನವರು ಯಾರೂ ಗೊಣಗುವುದಿಲ್ಲ. ಮೊದಲೇ ತಲೆ ಕೆಟ್ಟಿದ್ದ ನನಗೆ ರೇಗಿತು.

“ಕೋಳಿಗೂ ಎಂಪೊ, ಮೂಳೆಗೂ ಎಂಪೊ! ನಿನ್ನ ಈ ಹಾಳು ಮಾತಿನಿಂದಲೇ ಎಲ್ಲ ಆಗಿದ್ದು.”

“ನೀವು ಅನ್ನಲ್ಲ,” ಅಂದಳು ಅಮ್ಮ, ಕತ್ತಿಯ ಅಲಗಿಗೆ ಹೆಬ್ಬೆರಳು ಸವರುತ್ತ. “ಕೊಯ್ತೀರಿ, ತಿಂತೀರಿ, ಬಾಯಿ ಒರೆಸ್ಕೋತೀರಿ. ಪುಣ್ಯವಂತ್ರು.”

“ನಾಳೆ ಹೋಗ್ಬೇಡಮ್ಮಾ.”

“ಎರಡು ದಿನದಿಂದ ಏನೋ ಗಂಟಲಲ್ಲಿ ಇಟ್ಕೊಂಡಿದ್ದೀಯ. ಉಗಿ, ಇಲ್ಲ ನುಂಗು.”

“ಆ ಗೊಂಬೆ ಅಸಹ್ಯವಾಗಿದೆ. ಬಟ್ಟೆ ಹಾಕಿಲ್ಲ.” ಅಷ್ಟೇ ಹೊರಬಂತು.

ಅಮ್ಮ ಹುಂಜದ ರೆಕ್ಕೆ ನೇವರಿಸಿದಳು. “ಹಾಗಾದ್ರೆ ಹೋಗ್ಲೇಬೇಕು,” ಅಂದಳು. ಆಮೇಲೆ ಹುಂಜದ ಕುತ್ತಿಗೆ ಕೊಯ್ದಳು. ನಾನು ರಕ್ತಕ್ಕೆ ಬಟ್ಟಲು ಹಿಡಿದೆ.

ಉದ್ಘಾಟನೆಯ ಬೆಳಿಗ್ಗೆ ಬಿಸಿಲೇ ಬಿಸಿಲು, ನನ್ನ ಮಳೆಯ ಮಾತೂ ಸುಳ್ಳಾಯಿತು. ಜಿಲ್ಲೆಯನ್ನು ಆಳುವ ಬುಪಾತಿ ಸಾಹೇಬರು ಮೂರು ಕಾರುಗಳಲ್ಲಿ ಬಂದರು. ಮ್ಯೂಸಿಯಂನ ಹಿಂದೆ ಎರಡು ಹಂದಿ ಹೊಡೆದು ಬೆಂಕಿ ಹಾಕಿದ್ದರು. ಅಮ್ಮ ಹಳೆಯ ಲುಂಗಿಯ ಮೇಲೆ ಹೊಸ ಕರಿ ಲುಂಗಿ ಉಟ್ಟು, ಹೆಗಲಿಗೆ ಬಿಳಿ ಟವೆಲು ಹಾಕಿಕೊಂಡಿದ್ದಳು. ಯಾಕಮ್ಮ ಎರಡೆರಡು ಅಂದರೆ ಟವೆಲು ಸರಿಮಾಡಿಕೊಂಡಳು. ಅವಳ ಕೈ ಹಿಡಿದು ನಡೆಸಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆದೆ, ಬಾಗಿಲು ಬಂದೇ ಬಿಟ್ಟಿತು.

ರಿಬ್ಬನ್ನು ಕತ್ತರಿಸಿದಳು. ಚಪ್ಪಾಳೆ ಆಯಿತು. ಒಳಗೆ ಹುಬೆರ್ ತಾಡಪಾಲಿನ ಹಗ್ಗ ಎಳೆದ.

ಮುಂದಿದ್ದವರು ಕತ್ತು ಚಾಚಿದರು. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದು ಸಾಲು ಸಾಲಾಗಿ ಮುಂದೆ ಬಂತು. ಬುಪಾತಿ ಸಾಹೇಬರು ಗೊಂಬೆಯನ್ನು ನೋಡಿ, ಅಮ್ಮನನ್ನು ನೋಡಿ, “ಅರೆ, ಥೇಟ್ ಅಜ್ಜಿಯೇ!” ಎಂದು ಹೊಟ್ಟೆ ಕುಣಿಸಿ ನಕ್ಕರು. ಪಕ್ಕದೂರಿನ ಹೆಂಗಸರು ಲುಂಗಿಯ ಅಂಚು ಬಾಯಿಗೆ ತುರುಕಿಕೊಂಡಿದ್ದರು. ಕ್ಯಾಮೆರಾದವನೊಬ್ಬ, “ಅಜ್ಜೀ, ಪಕ್ಕದಲ್ಲಿ ಹಾಗೇ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ, ಒಂದೇ ಫೋಟೋ!” ಎಂದು ಕೂಗಿದ. ಅವನ ಕ್ಯಾಮೆರಾ ಕಿತ್ತು ಅವನ ಗಂಟಲಿಗೆ ತುರುಕಬೇಕು ಅನ್ನಿಸಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಗೋ ಸಿಟ್ಟಿಗೋ ತಿಳಿಯದು.

ಅಮ್ಮ ಮಾತ್ರ ಗೊಂಬೆಯ ಹತ್ತಿರ ಹೋದಳು. ಕಟ್ಟೆಯ ಮೇಲೆ ಕೂತಿದ್ದ ಅದರ ಮುಖ, ನಿಂತ ಅವಳ ಎದೆಯ ಎತ್ತರಕ್ಕಿತ್ತು. ಅದರ ಕೆನ್ನೆ ಮುಟ್ಟಿದಳು. ತನ್ನ ಕೆನ್ನೆ ಮುಟ್ಟಿಕೊಂಡಳು.

“ಬ್ಲಂದಿನಾ, ಇದು ಯಾರ ಮುಖ?”

“ನಿಂದಮ್ಮಾ.”

“ಮೈ?”

“ಗುಹೆಯವಳದು.”

ಅಮ್ಮ ಬಾಯಲ್ಲಿದ್ದ ಅಡಿಕೆಯನ್ನು ಅಂಗೈಗೆ ಉಗಿದುಕೊಂಡಳು. ಅವಳ ದನಿ ಏರಿದ್ದನ್ನು ನಾನು ಅಪ್ಪ ಸತ್ತ ದಿನ ಕೇಳಿದ್ದೆ, ಆಮೇಲೆ ಅವತ್ತೇ.

“ಕೊಂದವಳ ಮುಖ ತಂದು ಸತ್ತವಳ ಮೈಗೆ ಅಂಟಿಸಿದ್ದೀರೇನ್ರೋ? ಅವಳಿಗೆ ಹೇಸಿಗೆ ಆಗಲ್ವೇನ್ರೋ?”

ನಗು ನಿಂತಿತು. ನಮ್ಮ ಮಾತು ಬಲ್ಲವರದು ಮಾತ್ರ. ಬುಪಾತಿ ಸಾಹೇಬರು ಇನ್ನೂ ನಗುತ್ತಿದ್ದರು.

“ಅಜ್ಜಿ ಅಂತ ಯಾವಳು ಅಂದ್ಳೋ ನಿಮಗೆ?” ಅಮ್ಮ ಹುಬೆರ್‌ನ ಕಡೆ ತಿರುಗಿದಳು. “ಕೊಂದದ್ದಕ್ಕೆ ಎಂಪೊ ಅಂತೀವಿ ಕಣೋ, ಮರೆತ್ಯಾ? ತಪ್ಪಾಯ್ತು, ಮುನಿಸ್ಕೋಬೇಡ, ನನ್ನ ಮಕ್ಕಳ ಮೈಮೇಲೆ ಬರಬೇಡ ಅಂತ. ಹಂದಿ ನನ್ನ ಅಜ್ಜಿಯೇನೋ? ಹಾವು ನನ್ನ ಅಜ್ಜಿಯೇನೋ? ಈ ಗುಹೆಯವರು ನಮ್ಮ ಹೊಲದ ಗೆಣಸು ಕದೀತಿದ್ರು. ಅಷ್ಟೇ ಅವರ ತಪ್ಪು. ನಮ್ಮೋರು ಈಚಲ ನಾರಿನ ಹೊರೆ ಕೊಟ್ರಂತೆ, ಹಾಸ್ಕೊಂಡು ಬೆಚ್ಚಗೆ ಮಲಗಿ ಅಂತ. ಗುಹೆ ತುಂಬ ಹಾಸ್ಕೊಂಡ್ರಂತೆ ಪಾಪದವ್ರು. ಆಮೇಲೆ ಗುಹೆ ಬಾಯಿಗೆ ಬೆಂಕಿ ಇಟ್ರು. ಗಂಡಸು ಹೆಂಗಸು ಮಕ್ಕಳು, ಒಬ್ಬರನ್ನೂ ಬಿಡಲಿಲ್ಲ.”

ಗಾಳಿಯಾಡದ ಆ ಹಾಲಿನಲ್ಲಿ ಬಣ್ಣದ ವಾಸನೆ ತಲೆಗೇರುತ್ತಿತ್ತು. ಅಮ್ಮ ದನಿ ತಗ್ಗಿಸಿದಳು.

“ಮೂರು ದಿನ ಹೊಗೆ ಬಂತಂತೆ. ಅದು ಬರ ಇದ್ದ ವರ್ಷ. ಆ ಸುಟ್ಟ ಮಾಂಸದ ನಾತಕ್ಕೆ ಹೊರಗೆ ನಿಂತಿದ್ದ ನಮ್ಮ ಹೆಂಗಸರ ಬಾಯಲ್ಲಿ ನೀರು ಬಂತಂತೆ. ಕೊಂದದ್ದು ಗಂಡಸರು, ನೀರು ಬಂದದ್ದು ನಮ್ಮ ಬಾಯಲ್ಲಿ. ಅದಕ್ಕೇ ಇದನ್ನ ಹೇಳ್ಕೊಂಡು ಬರೋದು ಹೆಂಗಸರ ಪಾಲಿಗೆ ಬಂತು. ನಮ್ಮಜ್ಜಿ ನಂಗೆ ಹೇಳಿದ್ಳು. ನಾನು ಇವಳಿಗೆ ಹೇಳಬೇಕಿತ್ತು, ಹೇಳೋಕೆ ನಾಚಿಕೆ ಆಯ್ತು.”

ಇವಳು ಅಂದರೆ ನಾನು. ಒಂಬತ್ತು ದಿನ ಅವಳಿಗೆ ಹೇಳಲಾರದೆ ನಾನು ಒದ್ದಾಡಿದ್ದೆ. ಅವಳು ಐವತ್ತು ವರ್ಷ ನನಗೆ ಹೇಳಲಾರದೆ ಇದ್ದಳು.

“ಏನಂತಾರೆ ತಾಯಿಯವರು?” ಎಂದು ಪ್ರೊಫೆಸರ್ ಹುಬೆರ್‌ನನ್ನು ಕೇಳಿದರು.

ಹುಬೆರ್ ತನ್ನ ಬೂಟು ನೋಡಿಕೊಂಡ. ಬುಪಾತಿ ಸಾಹೇಬರನ್ನು ನೋಡಿದ. “ಅಜ್ಜಿಗೆ... ಬಹಳ ಸಂತೋಷ ಆಗಿದೆ ಸಾರ್. ಕಣ್ತುಂಬಿ ಬಂದಿದೆ ಅಂತಾರೆ.”

ಛೀ, ಇವನೂ ನಾನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು. ಮೊದಲ ಸಲ ತಿಳಿಯದೆ ತಪ್ಪು ಹೇಳಿದ್ದ, ಕ್ಷಮಿಸಬಹುದಿತ್ತು. ನಾನು ಅವನನ್ನು ಬದಿಗೆ ತಳ್ಳಿ ಮುಂದೆ ನಿಂತೆ. ನನ್ನ ಸರ್ಕಾರಿ ಮಾತು ಹರಕು ಮುರುಕು, ಜರಡಿ ಹಿಡಿದು ಕಲಿತದ್ದು. ಆ ಹರಕು ಮಾತಿನಲ್ಲೇ ಅಮ್ಮ ಅಂದದ್ದನ್ನು ಒಂದೂ ಬಿಡದೆ ಹೇಳಿದೆ. ಗೆಣಸು, ನಾರು, ಬೆಂಕಿ, ಬಾಯಲ್ಲಿ ಬಂದ ನೀರು. ಹೇಳುತ್ತ ಹೇಳುತ್ತ ಜರಡಿಯಲ್ಲಿ ಸಿಗುತ್ತಿದ್ದ ಮಸಿಯೆಲ್ಲ ಕಣ್ಮುಂದೆ ಬಂತು. ಹದಿನೇಳು ವರ್ಷ ಅದನ್ನು ಗದ್ದೆಗೆ ಚೆಲ್ಲಿದ್ದೆ. ಅದೇ ಗದ್ದೆಯ ಅನ್ನ ಉಂಡಿದ್ದೆ.

ಪ್ರೊಫೆಸರ್ ಕನ್ನಡಕ ತೆಗೆದರು. “ಇದು ಕಥೆ, ಬ್ಲಂದಿನಾ ಅವರೇ. ಅವರು ಅಳಿದು ಐವತ್ತು ಸಾವಿರ ವರ್ಷ ಆಯಿತು. ಅಷ್ಟು ಹಿಂದಿನದು ಯಾರಿಗೂ ನೆನಪಿರೋಕೆ ಸಾಧ್ಯವಿಲ್ಲ.”

ಅಮ್ಮನಿಗೆ ಹೇಳಿದೆ. “ವರ್ಷ ಎಣಿಸೋದು ಅವನ ಕೆಲಸ, ಎಣಿಸ್ಲಿ,” ಅಂದಳು. “ನಾತ ನಮಗ್ಗೊತ್ತು. ನನ್ನ ಮುಖ ತೆಗೀಲಿ ಮೊದಲು. ಬೇಡ ನಂಗೆ. ಅವಳಿಗೂ ಬೇಡ.”

ಅದನ್ನೂ ಹೇಳಿದೆ. “ಅವರ ಬಾಯಿಂದ ಬರಲಿ ಅಂದಿದ್ರಲ್ಲ ಸಾರ್, ಬಂತು,” ಅಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ತಲೆಯಾಡಿಸಿದರು. “ಬದಲಿಸ್ತೀವಿ. ಒಂದು ವಾರ ಬೇಕು.”

ಒಂದು ವಾರ! ಒಂದು ವಾರ ಬಂದವರೆಲ್ಲ ನೋಡಿ ಕಿಸಕ್ಕೆನ್ನಬೇಕೇ? ಸ್ವಾಗತಕ್ಕೆಂದು ಬಂದಿದ್ದ ಕುಣಿತದವರ ಕೈಯಲ್ಲಿದ್ದ ಮಚ್ಚು ಕಿತ್ತುಕೊಂಡೆ. ಆ ಮುಖವನ್ನು ಕುತ್ತಿಗೆಯಿಂದಲೇ ಹಾರಿಸಬೇಕೆಂದು ಕೈ ಎತ್ತಿದೆ. ಅಮ್ಮ ನನ್ನ ಮೊಣಕೈ ಹಿಡಿದಳು. ಅವಳ ಹಿಡಿತ ಇಕ್ಕಳದ ಹಾಗೆ.

“ಹೊಡೀಬೇಡ. ಅವಳನ್ನ ಇನ್ನೊಂದ್ಸಲ ಹೊಡೀಬೇಡ.”

ಮಚ್ಚು ಕೆಳಗಿಟ್ಟೆ. ಅಮ್ಮ ತನ್ನ ಹೊಸ ಕರಿ ಲುಂಗಿಯ ಗಂಟು ಬಿಚ್ಚಿದಳು. ಎರಡೆರಡು ಉಟ್ಟದ್ದು ಯಾಕೆಂದು ಆಗ ತಿಳಿಯಿತು. ಅದನ್ನು ಗೊಂಬೆಯ ಮೈಗೆ ಸುತ್ತಿ, ಮೊಲೆಯ ಮೇಲೆ ಬಿಗಿಯಾಗಿ ಗಂಟು ಹಾಕಿದಳು, ಮದುವಣಗಿತ್ತಿಗೆ ಉಡಿಸುವ ಹಾಗೆ ನೆರಿಗೆ ಸರಿಮಾಡಿದಳು. ಕೈಯಲ್ಲಿದ್ದ ಹೆಗ್ಗಣವನ್ನು ಕಿತ್ತು ಹುಬೆರ್‌ನ ಕಾಲ ಬಳಿ ಎಸೆದಳು. ಬಿಳಿ ಟವೆಲಿನಿಂದ ಮುಖ, ತನ್ನದೇ ಮುಖ, ಮುಚ್ಚಿದಳು. ಯಾರೂ ಫೋಟೋ ತೆಗೆಯಲಿಲ್ಲ. ಬುಪಾತಿ ಸಾಹೇಬರು ಗಡಿಯಾರ ನೋಡಿಕೊಂಡು, ಊಟಕ್ಕೆ ಹೋಗೋಣವೇ ಎಂದು ಪಕ್ಕದವರನ್ನು ಕೇಳಿದರು. ಜನ ಒಬ್ಬೊಬ್ಬರಾಗಿ ಹಿಂದಿನ ಅಂಗಳಕ್ಕೆ ಸರಿದರು.

ಅಮ್ಮ ಗೊಂಬೆಯ ಕಿವಿಗೆ ಬಾಯಿಟ್ಟು ಮೂರು ಸಲ ಅಂದಳು. ಆಮೇಲೆ ನನ್ನನ್ನು ಕರೆದಳು.

“ನೀನೂ ಅನ್ನು. ನಾನು ಹೋದ್ಮೇಲೆ ಅನ್ನೋರು ಯಾರು?”

ನನಗೆ ಆ ಗೊಂಬೆಯನ್ನು ಮುಟ್ಟುವುದೇ ಬೇಡವಾಗಿತ್ತು. ಆದರೂ ಬಗ್ಗಿದೆ. ರಬ್ಬರಿನ ಕಿವಿ ತಣ್ಣಗಿತ್ತು, ಅಂಟಿನ ಕಮಟು ನಾತ. ಎಳೆ ಮಗುವಾಗಿನಿಂದ ಆಡಿದ ಮಾತು, ಅಜ್ಜಿಯ ತೊಡೆಯ ಮೇಲೆ ಕೂತು ಸಾವಿರ ಸಲ ಕೂಗಿದ ಮಾತು, ಈಗ ಹಲ್ಲಿನ ಹಿಂದೆ ಕಲ್ಲಾಗಿ ಕೂತಿತ್ತು.

“ಅನ್ನೇ,” ಅಂದಳು ಅಮ್ಮ.

“ಎಂಪೊ,” ಅಂದೆ. “ಎಂಪೊ.”

ಅಷ್ಟರಲ್ಲಿ ಯಾರೋ ಹಿಂಬಾಗಿಲು ತೆರೆದರು. ಅಂಗಳದ ಹೊಗೆ ಒಳಗೆ ನುಗ್ಗಿತು. ಹಂದಿಯ ಕೂದಲು ಸುಟ್ಟದ್ದು, ಚರ್ಮ ಬಿರಿದು ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುತ್ತಿರುವುದು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

ಮೂರನೆಯ ಸಲ ಅನ್ನಬೇಕೆಂದು ಬಾಯಿ ತೆರೆದೆ. ನನ್ನ ಬಾಯಲ್ಲಿ ನೀರು ಬಂದಿತ್ತು.